ಗಡಸು ನೀರೂ ಮನೆವಾರ್ತೆಯೂ

ಒಬ್ಬನ ಉಪಾಯವು ಫಲಿಸದೆ ಹೋದರೆ ಅವನ ಬೇಳೆ ಬೇಯಲಿಲ್ಲವೆಂದು ನಮ್ಮ ಜನರು ಹೇಳುವುದುಂಟು. ಗಡಸು ನೀರಿನ ಊರುಗಳಲ್ಲಿ ಇದು ಬರಿಯ ನುಡಿಗಟ್ಟಲ್ಲ; ದಿನದಿನವೂ ಒಲೆಯ ಮುಂದೆ ಕಾಣುವ ಸಂಗತಿ. ತೊಗರಿಬೇಳೆಯು ಎಷ್ಟು ಹೊತ್ತು ಕುದಿದರೂ ಕಾಳುಕಾಳಾಗಿಯೇ ನಿಲ್ಲುವುದು. ಸಾಬೂನು ನೊರೆಗಟ್ಟದೆ ಒಡೆದ ಹಾಲಿನಂತಾಗಿ ಬಟ್ಟೆಗೆ ಅಂಟಿಕೊಳ್ಳುವುದು. ಹಂಡೆಯ ಒಳಮೈಗೆ ಬಿಳಿಯ ಹೊರೆ ಕಟ್ಟುವುದು. ಸ್ನಾನವಾದ ಮೇಲೆ ಕೂದಲು ನಾರಿನಂತೆ ಬಿರುಸಾಗಿ ನಿಲ್ಲುವುದು. ಇವನ್ನೆಲ್ಲ ಕಂಡ ಗೃಹಿಣಿಗೆ ತನ್ನ ಮನೆಯ ನೀರಿನ ಗುಣವನ್ನು ಬೇರೆ ಯಾರೂ ಬಂದು ಹೇಳಬೇಕಾದುದಿಲ್ಲ.

ಈಚೆಗೆ ನೀರನ್ನು ಮೆದುಗೊಳಿಸುವ ಯಂತ್ರಗಳು, ಎಂದರೆ ಅಂಗಡಿಯವರು ವಾಟರ್ ಸಾಫ್ಟ್‌ನರ್ ಎಂದು ಕರೆಯುವ ಸಲಕರಣೆಗಳು, ಪಟ್ಟಣವನ್ನು ದಾಟಿ ಹಳ್ಳಿಯ ಮನೆಗಳಿಗೂ ಬರತೊಡಗಿವೆ. ಹೊಸ ಮನೆ ಕಟ್ಟಿದವರು, ಗೀಸರನ್ನೋ ಬಟ್ಟೆ ಒಗೆಯುವ ಯಂತ್ರವನ್ನೋ ಕೊಂಡವರು, ಇದನ್ನೂ ಕೊಳ್ಳಬೇಕೆ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂದು ವಿಚಾರಿಸುತ್ತಿದ್ದಾರೆ. ಹಣವು ಸಣ್ಣದಲ್ಲ, ಒಮ್ಮೆ ಕೂರಿಸಿದ ಯಂತ್ರವು ಹಲವು ವರ್ಷ ಉಪ್ಪನ್ನೂ ನೀರನ್ನೂ ಕೇಳುತ್ತಲೇ ಇರುವುದು. ಆದಕಾರಣ ಕೊಳ್ಳುವುದಕ್ಕೆ ಮುಂಚೆ ಮನೆಯವರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸುವೆವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವೆವಾದರೂ, ಕೊಳವೆ ಬಾವಿಯನ್ನು ನಂಬಿದ ಯಾವ ಊರಿನವರಿಗೂ ಈ ಮಾತುಗಳು ಉಪಯೋಗಕ್ಕೆ ಬಾರದಿರಲಾರವು.

ನೀರು ಗಡಸಾಗುವ ಬಗೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯನ್ನು ಬಲ್ಲವರು ಬಹಳ ಮಂದಿ. ನಾಗರಹೊಳೆಯ ಅರಣ್ಯಕ್ಕೆ ಅದು ಹೆಬ್ಬಾಗಿಲು. ಮೈಸೂರು ದಸರೆಯ ಆನೆಗಳು ಗಜಪಯಣವೆಂಬ ಹೆಸರಿನಲ್ಲಿ ಮೈಸೂರು ನಗರದ ಕಡೆಗೆ ಹೊರಡುವುದು ಅಲ್ಲಿಂದಲೇ. ಆ ಸೀಮೆಯಲ್ಲಿ ಹರಿಯುವ ಲಕ್ಷ್ಮಣತೀರ್ಥವು ಕೊಡಗಿನ ಬ್ರಹ್ಮಗಿರಿಯ ಮಳೆಯಿಂದ ಹುಟ್ಟಿದುದು. ಮಳೆಯ ನೀರು ಸ್ವಭಾವತಃ ಮೆದುವಾದುದು. ಬೆಟ್ಟದಿಂದಿಳಿದು ಬೇಗನೆ ಹರಿದುಬಂದ ಹೊಳೆಯ ನೀರೂ ಬಹುಮಟ್ಟಿಗೆ ಮೆದುವಾಗಿಯೇ ಇರುವುದು. ಆದರೆ ಅದೇ ಮಳೆಯು ನೆಲದೊಳಕ್ಕೆ ಇಂಗಿ, ಮಣ್ಣಿನಲ್ಲಿರುವ ಇಂಗಾಲಾಮ್ಲವಾಯುವನ್ನು ಕೂಡಿಕೊಂಡು, ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ತಂಗಿದರೆ, ಕಲ್ಲಿನಿಂದ ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಮ್ಮನ್ನೂ ಅದರ ಸೋದರನಂತಿರುವ ಮ್ಯಾಗ್ನೀಸಿಯಮ್ಮನ್ನೂ ಕರಗಿಸಿಕೊಳ್ಳುವುದು. ಈ ಎರಡು ಧಾತುಗಳು ಹೆಚ್ಚಾಗಿ ಕರಗಿರುವ ನೀರೇ ಗಡಸು ನೀರು.

ಮೈಸೂರು ಜಿಲ್ಲೆಯ ನೆಲದಡಿಯಲ್ಲಿರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್ ಜಾತಿಯ ಪುರಾತನವಾದ ಬಂಡೆ. ಅದರ ನಡುನಡುವೆ, ಸರಗೂರಿನ ಹೆಸರನ್ನೇ ಹೊತ್ತು ಭೂವಿಜ್ಞಾನಿಗಳಲ್ಲಿ ಪ್ರಸಿದ್ಧವಾಗಿರುವ, ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದಾದ ಶಿಲಾವರ್ಗವೊಂದುಂಟು. ಇದರಲ್ಲಿ ಮ್ಯಾಗ್ನೀಸಿಯಮ್ ತುಂಬಿದ ಕಪ್ಪು ಕಲ್ಲುಗಳೂ ಅಲ್ಲಲ್ಲಿ ಸುಣ್ಣದ ಕಲ್ಲುಗಳೂ ಸೇರಿವೆ. ಮೈಸೂರಿನ ದಕ್ಷಿಣದಲ್ಲಿ ಮ್ಯಾಗ್ನಸೈಟ್ ಎಂಬ ಬಿಳಿಯ ಖನಿಜವನ್ನು ಗಣಿಗಳಿಂದ ತೆಗೆದುದೂ ಇಂತಹ ಕಲ್ಲುಗಳ ನಡುವಿನಿಂದಲೇ. ಯಾವ ಬಾವಿಯು ಯಾವ ಕಲ್ಲಿನ ಸೀಳನ್ನು ಮುಟ್ಟಿದೆಯೋ ಅದರ ಮೇಲೆ ನೀರಿನ ಗುಣವು ನಿಲ್ಲುವುದರಿಂದ, ಒಂದೇ ಬೀದಿಯ ಎರಡು ಕೊಳವೆ ಬಾವಿಗಳಲ್ಲಿ ಒಂದು ಮೆದುವಾಗಿಯೂ ಇನ್ನೊಂದು ಗಡಸಾಗಿಯೂ ಇರಬಹುದು. ನೆರೆಮನೆಯವರು ಯಂತ್ರವನ್ನು ಕೊಂಡರೆಂಬುದು ನಾವೂ ಕೊಳ್ಳುವುದಕ್ಕೆ ಕಾರಣವಾಗಲಾರದು.

ಗಡಸಿನಲ್ಲಿ ಎರಡು ಬಗೆ. ಕುದಿಸಿದರೆ ಹೋಗುವುದು ಒಂದು. ಇದನ್ನು ತಾತ್ಕಾಲಿಕ ಗಡಸು ಎನ್ನುವರು. ನೀರು ಕುದಿದಾಗ ಸುಣ್ಣವು ತಳಕ್ಕಿಳಿದು ಚಕ್ಕೆಯಾಗುವುದು. ಹಂಡೆಯಲ್ಲಿ ಕಾಣುವ ಬಿಳಿಯ ಹೊರೆ ಇದೇ. ಗಂಧಕಾಮ್ಲದ ಲವಣಗಳ ರೂಪದಲ್ಲಿಯೋ ಕ್ಲೋರೈಡಿನ ರೂಪದಲ್ಲಿಯೋ ಇರುವ ಗಡಸು ಎಷ್ಟು ಕುದಿಸಿದರೂ ಹೋಗದು. ಇದು ಶಾಶ್ವತವಾದ ಗಡಸು. ನಮ್ಮ ಬಾವಿಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುವುದು.

ಅಂಜಬೇಕಾದುದೂ ಅಂಜಬಾರದುದೂ

ಯಂತ್ರವನ್ನು ಮಾರುವವರು ಮೊದಲು ಹುಟ್ಟಿಸುವುದು ರೋಗದ ಅಂಜಿಕೆಯನ್ನು. ಗಡಸು ನೀರನ್ನು ಕುಡಿದವರಿಗೆ ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುವುದೆಂದೂ, ತಲೆ ಬೋಳಾಗುವುದೆಂದೂ, ಚರ್ಮರೋಗ ಬರುವುದೆಂದೂ ಹೇಳುವುದುಂಟು. ಕುಡಿಯುವ ನೀರಿನ ಗಡಸು ಆರೋಗ್ಯಕ್ಕೆ ಕೇಡನ್ನುಂಟುಮಾಡುವುದೆಂಬುದಕ್ಕೆ ಮನಗಾಣುವಂತಹ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ಕ್ಯಾಲ್ಸಿಯಮ್ ಮತ್ತು ಮ್ಯಾಗ್ನೀಸಿಯಮ್‌ಗಳು ಶರೀರಕ್ಕೆ ಬೇಕಾದ ಪದಾರ್ಥಗಳೇ. ಮಕ್ಕಳ ಇಸುಬಿನ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ೩೩೬ ಮಕ್ಕಳನ್ನು ಆಯ್ದು, ಅವರಲ್ಲಿ ಅರ್ಧ ಮಂದಿಯ ಮನೆಗಳಿಗೆ ನೀರನ್ನು ಮೆದುಗೊಳಿಸುವ ಯಂತ್ರವನ್ನು ಕೂರಿಸಿ ಪರೀಕ್ಷೆ ನಡೆಸಿದರು. ೨೦೧೧ರಲ್ಲಿ ಪ್ರಕಟವಾದ ಅದರ ಫಲವೇನೆಂದರೆ, ಯಂತ್ರದಿಂದ ರೋಗಕ್ಕೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಆದುದರಿಂದ ಔಷಧದ ಆಸೆಯಿಂದ ಯಾರೂ ಯಂತ್ರವನ್ನು ಕೊಳ್ಳಬೇಕಾಗಿಲ್ಲ.

ಗಡಸು ನೀರಿನ ಕೇಡು ಇರುವುದು ಮನೆಯ ಖರ್ಚಿನಲ್ಲಿ. ಒಂದು ಲೀಟರಿಗೆ ೪೦೦ ಮಿಲಿಗ್ರಾಂ ಗಡಸಿರುವ ೧೦೦ ಲೀಟರು ನೀರಿನ ಗಡಸನ್ನು ಸಾಬೂನಿನಿಂದಲೇ ಪೂರ್ತಿ ಕಳೆಯಬೇಕಾದರೆ ಸುಮಾರು ಕಾಲು ಕಿಲೋಗ್ರಾಂ ಸಾಬೂನು ಮೊದಲು ವ್ಯರ್ಥವಾಗಬೇಕು; ನೊರೆ ಏಳುವುದು ಆಮೇಲೆ. ಗೀಸರಿನ ಕಾಯುವ ಕಡ್ಡಿಯ ಮೇಲೆ ಸುಣ್ಣದ ಹೊರೆ ಬೆಳೆದರೆ ಶಾಖವು ನೀರಿಗೆ ಸುಲಭವಾಗಿ ದಾಟದೆ ಕಡ್ಡಿಯೇ ಅತಿಯಾಗಿ ಕಾದು ಸುಟ್ಟುಹೋಗುವುದು. ಸೂರ್ಯನ ಶಾಖದಿಂದ ನೀರು ಕಾಯಿಸುವ ಸಲಕರಣೆಯ ಕೊಳವೆಗಳಲ್ಲಿಯೂ ಇದೇ ತೊಂದರೆ. ಬಟ್ಟೆಗಳು ಬಿರುಸಾಗಿ ಬೇಗನೆ ಜೀರ್ಣವಾಗುವುವು. ಬೇಳೆಯ ಸಿಪ್ಪೆ ತಿರುಳುಗಳಲ್ಲಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಕ್ಯಾಲ್ಸಿಯಮ್ ಬಿಗಿಗೊಳಿಸುವುದರಿಂದ, ಬೇಯಿಸಲು ಸೌದೆಯೋ ಗ್ಯಾಸೋ ಹೆಚ್ಚು ಬೇಕಾಗುವುದು. ಯಂತ್ರದ ಲಾಭವನ್ನು ಈ ಲೆಕ್ಕಗಳಿಂದಲೇ ತೂಗಬೇಕು.

ಮೊದಲು ನೀರನ್ನು ಅಳೆಯಬೇಕು

ಭಾರತೀಯ ಮಾನಕ ಬ್ಯೂರೋದವರು ೨೦೧೨ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಕ್ರಮದ ಪ್ರಕಾರ, ಒಂದು ಲೀಟರಿನಲ್ಲಿ ೨೦೦ ಮಿಲಿಗ್ರಾಂವರೆಗಿನ ಗಡಸು ಒಪ್ಪತಕ್ಕದ್ದು. ಬೇರೆ ನೀರಿನ ಆಧಾರವಿಲ್ಲದ ಕಡೆ ೬೦೦ರವರೆಗೆ ಸಹಿಸಬಹುದು. ತಮ್ಮ ಮನೆಯ ನೀರಿನ ಅಂಕವನ್ನು ತಿಳಿಯದೆ ಯಂತ್ರವನ್ನು ಕೊಳ್ಳುವುದೆಂದರೆ, ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯ ಅಂಗವಾಗಿ ಗ್ರಾಮಗಳಿಗೆ ನೀರು ಪರೀಕ್ಷಿಸುವ ಪೆಟ್ಟಿಗೆಗಳನ್ನು ಕೊಟ್ಟು, ಹಳ್ಳಿಯ ಸ್ತ್ರೀಯರಿಗೆ ಅದರಲ್ಲಿ ಶಿಕ್ಷಣ ಕೊಡುವ ಏರ್ಪಾಡು ನಡೆದಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಸರ್ಕಾರದ ನೀರು ಪರೀಕ್ಷಾಲಯಕ್ಕೆ ಶುಭ್ರವಾದ ಸೀಸೆಯಲ್ಲಿ ನೀರನ್ನು ಕೊಟ್ಟು ವರದಿ ಪಡೆಯಬಹುದು. ಗಡಸಿನ ಜೊತೆಗೆ ಕಬ್ಬಿಣ, ಫ್ಲೋರೈಡ್, ನೈಟ್ರೇಟ್‌ಗಳನ್ನೂ ಪರೀಕ್ಷಿಸಿಕೊಡುವಂತೆ ಕೇಳಬೇಕು. ಏತಕ್ಕೆಂದರೆ ಮೆದುಗೊಳಿಸುವ ಯಂತ್ರವು ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ರೋಗಾಣುಗಳನ್ನಾಗಲಿ ತೆಗೆಯದು. ಗಡಸು ಹೋಯಿತೆಂದು ನೀರು ಶುದ್ಧವಾಯಿತೆಂದು ತಿಳಿಯುವುದು ಅಪಾಯಕರವಾದ ಭ್ರಮೆ.

ವರದಿ ಬರುವುದಕ್ಕೆ ಮುಂಚೆ ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆಯನ್ನು ಮಾಡಬಹುದು. ಒಂದೇ ಅಳತೆಯ ಎರಡು ಸೀಸೆಗಳಲ್ಲಿ ಒಂದಕ್ಕೆ ಮಳೆಯ ನೀರನ್ನೂ ಇನ್ನೊಂದಕ್ಕೆ ಬಾವಿಯ ನೀರನ್ನೂ ಅರ್ಧದವರೆಗೆ ತುಂಬಿ, ಹೆರೆದ ಸಾಬೂನನ್ನು ಸಮನಾಗಿ ಹಾಕಿ, ಮುಚ್ಚಿ ಕುಲುಕಬೇಕು. ಮಳೆಯ ನೀರಿನಲ್ಲಿ ನೊರೆ ತುಂಬಿ ನಿಲ್ಲುವುದು. ಬಾವಿಯ ನೀರಿನಲ್ಲಿ ನೊರೆ ಏಳದೆ ನೀರು ಕದಡಿ ಒಡಕು ಕಟ್ಟಿದರೆ ಗಡಸು ಹೆಚ್ಚೆಂದು ತಿಳಿಯಬಹುದು. ಈ ಪರೀಕ್ಷೆಗೆ ನಿಜವಾದ ಸಾಬೂನೇ ಆಗಬೇಕು. ಬಟ್ಟೆಯ ಪುಡಿಯೂ ಪಾತ್ರೆ ತೊಳೆಯುವ ದ್ರವವೂ ಗಡಸು ನೀರಿನಲ್ಲಿಯೂ ನೊರೆ ಕೊಡುವುದರಿಂದ ಮೋಸ ಹೋಗುವ ಸಂಭವವುಂಟು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಾರುವವರು ಕೈಯಲ್ಲಿ ಹಿಡಿದು ತರುವ ಟಿ. ಡಿ. ಎಸ್. ಮೀಟರು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟನ್ನು ಅಂದಾಜು ಮಾಡುವುದೇ ವಿನಾ ಗಡಸನ್ನು ಅಳೆಯದು. ಮೆದುಗೊಳಿಸಿದ ಮೇಲೂ ಆ ಅಂಕವು ಹೆಚ್ಚು ಕಡಮೆ ಇದ್ದಂತೆಯೇ ಇರುವುದು. ಎರಡನೆಯದಾಗಿ, ಕೆಲವರು ಲೋಹದ ಕಡ್ಡಿಗಳನ್ನು ಲೋಟದ ನೀರಿನಲ್ಲಿಳಿಸಿ ವಿದ್ಯುತ್ತನ್ನು ಹಾಯಿಸಿ, ನೀರು ಕಂದುಬಣ್ಣಕ್ಕೆ ತಿರುಗಿ ಕೆಸರೇಳುವುದನ್ನು ತೋರಿಸಿ, ಇಷ್ಟು ಕೊಳೆಯನ್ನು ನಿಮ್ಮ ಮಕ್ಕಳು ಕುಡಿಯುತ್ತಿರುವರೆಂದು ಬೆದರಿಸುವರು. ಆ ಕೆಸರು ಕಡ್ಡಿಯ ಕಬ್ಬಿಣವೇ ಕರಗಿ ಬಂದ ತುಕ್ಕು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯದುದರಿಂದ ಅದು ತಿಳಿಯಾಗಿಯೇ ಉಳಿಯುವುದು. ಈ ಆಟವನ್ನು ನೋಡಿ ಯಾರೂ ಹಣವನ್ನು ಎಣಿಸಬಾರದು.

ಯಂತ್ರವಿಲ್ಲದ ಉಪಾಯಗಳು

ಅಂಕವು ೨೦೦ಕ್ಕೆ ಕೆಳಗಿದ್ದರೆ ಯಂತ್ರದ ಮಾತೇ ಬೇಡ. ಅದಕ್ಕೆ ಸ್ವಲ್ಪ ಮೇಲಿದ್ದರೂ ಮನೆಯ ಸುಲಭೋಪಾಯಗಳಿಂದ ಬಹಳ ಮಟ್ಟಿಗೆ ಸುಧಾರಿಸಬಹುದು. ಇವುಗಳಲ್ಲಿ ಉತ್ತಮವಾದುದು ಮಳೆಯ ನೀರು. ೧,೦೦೦ ಚದರ ಅಡಿಯ ಮಾಳಿಗೆಯ ಮೇಲೆ ೧೦ ಮಿಲಿಮೀಟರು ಮಳೆ ಬಿದ್ದರೆ ೯೦೦ ಲೀಟರಿಗೆ ಮೇಲ್ಪಟ್ಟ ನೀರು ಬೀಳುವುದು. ತೊಳೆದುಹೋಗುವ ಭಾಗವನ್ನು ಕಳೆದರೂ ೭೦೦ ಲೀಟರಿಗೆ ಮೋಸವಿಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಮರಳು ಜಲ್ಲಿಗಳ ಮೂಲಕ ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಕೂಡಿಟ್ಟರೆ, ಬೇಳೆ ಬೇಯಿಸುವುದಕ್ಕೂ ತಲೆಗೆ ಎರೆದುಕೊಳ್ಳುವುದಕ್ಕೂ ಅದಕ್ಕಿಂತ ಮೆದುವಾದ ನೀರು ದೊರೆಯದು. ಉಳಿದುದನ್ನು ಬಾವಿಯ ಸುತ್ತ ಇಂಗಿಸಿದರೆ ಬಾವಿಗೂ ಒಳ್ಳೆಯದು.

ಅಡಿಗೆಯ ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಆರಿಸಿ, ತಳವನ್ನು ಕದಡದೆ ಬಸಿದುಕೊಂಡರೆ ತಾತ್ಕಾಲಿಕ ಗಡಸು ಹೋಗುವುದು. ಆ ನೀರಿನಲ್ಲಿ ಬೇಳೆಯನ್ನು ನೆನೆಸಿ ಬೇಯಿಸಿ, ಹುಣಸೆಹಣ್ಣಿನ ರಸವನ್ನು ಬೇಳೆ ಬೆಂದ ಮೇಲೆಯೇ ಸೇರಿಸಬೇಕು. ಬಟ್ಟೆಗೆ ಒಗೆಯುವ ಸೋಡವು ಹಿಂದಿನಿಂದ ಬಂದ ಉಪಾಯ. ೪೦೦ ಅಂಕದ ಒಂದು ಬಿಂದಿಗೆ ನೀರಿಗೆ, ಎಂದರೆ ಸುಮಾರು ೧೫ ಲೀಟರಿಗೆ, ನೀರಿಲ್ಲದ ಪುಡಿಯಾದರೆ ೬-೭ ಗ್ರಾಂ ಸಾಕು. ಹರಳಾದರೆ ಅದರ ಎರಡೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು ಬೇಕು. ಇದು ಅಡಿಗೆಯ ಸೋಡವಲ್ಲವೆಂಬುದನ್ನೂ, ಕೈಗೆ ಉರಿ ತರುವುದೆಂಬುದನ್ನೂ, ರೇಷ್ಮೆ ಉಣ್ಣೆಗಳಿಗೆ ತಗಲಿಸಬಾರದೆಂಬುದನ್ನೂ ನೆನಪಿನಲ್ಲಿಡಬೇಕು. ಹಂಡೆಯ ಹೊರೆಯನ್ನು ಹುಣಸೆಹಣ್ಣೋ ನಿಂಬೆಯ ಹುಳಿಯೋ ಬಿಡಿಸುವುದು; ಅಂಗಡಿಯ ಉಗ್ರವಾದ ಆಸಿಡ್ಡನ್ನು ಹಾಕಿದರೆ ಲೋಹವೇ ತಿಂದುಹೋಗುವುದು. ಗೀಸರನ್ನು ಬಹಳ ಬಿಸಿಗೆ ತಿರುಗಿಸದೆ ೫೦-೫೫ ಡಿಗ್ರಿಯ ಸುಮಾರಿಗೆ ಇಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುವುದು.

ಯಂತ್ರದ ಒಳಗುಟ್ಟು

೧೮೪೧ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞನು ಅರಳಿದ ಸುಣ್ಣವನ್ನೇ ಅಳತೆಯಾಗಿ ಬೆರೆಸಿ ಗಡಸನ್ನು ತಳಕ್ಕಿಳಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಸುಣ್ಣದಿಂದ ಸುಣ್ಣವನ್ನು ತೆಗೆಯುವ ಈ ಕ್ರಮವು ದೊಡ್ಡ ಜಲಾಗಾರಗಳಿಗೆ ತಕ್ಕದ್ದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಎಂಬಾತನು ಜಿಯೊಲೈಟ್ ಜಾತಿಯ ಖನಿಜಗಳಿಂದ ನೀರನ್ನು ಮೆದುಗೊಳಿಸುವುದನ್ನು ಬಳಕೆಗೆ ತಂದನು. ೧೯೩೫ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬಿಬ್ಬರು ಅದೇ ಕೆಲಸಕ್ಕೆ ಕೃತಕವಾದ ರಾಳವನ್ನು ಕಂಡುಹಿಡಿದರು. ಇಂದಿನ ಯಂತ್ರಗಳ ಮೂಲವು ಇಲ್ಲಿರುವುದು.

ಯಂತ್ರದ ಉರುಳೆಯೊಳಗೆ ಸಾಸಿವೆಗಿಂತ ಸಣ್ಣದಾದ ರಾಳದ ಮಣಿಗಳು ತುಂಬಿರುವುವು. ಇವನ್ನು ರೆಸಿನ್ ಎನ್ನುವರು. ಪ್ರತಿಯೊಂದು ಮಣಿಯೂ ಸೋಡಿಯಮ್ಮನ್ನು ಹಿಡಿದುಕೊಂಡಿರುವುದು. ಗಡಸು ನೀರು ಹಾಯ್ದಾಗ ಮಣಿಗಳು ಕ್ಯಾಲ್ಸಿಯಮ್ ಮ್ಯಾಗ್ನೀಸಿಯಮ್‌ಗಳನ್ನು ತಾವು ಇಟ್ಟುಕೊಂಡು, ಅವುಗಳ ಬದಲಿಗೆ ಸೋಡಿಯಮ್ಮನ್ನು ನೀರಿಗೆ ಬಿಟ್ಟುಕೊಡುವುವು. ಇದೊಂದು ವಿನಿಮಯ. ಮಣಿಗಳು ತುಂಬಿಹೋದ ಮೇಲೆ ಗಾಢವಾದ ಉಪ್ಪುನೀರನ್ನು ಹಾಯಿಸಿದರೆ ವಿನಿಮಯವು ಹಿಂದುಮುಂದಾಗಿ, ಗಡಸು ಹೊರಕ್ಕೆ ಹೋಗಿ, ಮಣಿಗಳು ಪುನಃ ಕೆಲಸಕ್ಕೆ ಸಿದ್ಧವಾಗುವುವು. ಈ ತೊಳೆತಕ್ಕೆ ಉಪ್ಪೂ ನೀರೂ ಬೇಕು. ತೊಳೆದ ಉಪ್ಪುನೀರು ಎಲ್ಲಿಯಾದರೂ ಹರಿಯಲೇಬೇಕು.

ಅಳತೆಯ ಲೆಕ್ಕ

ಒಂದು ಲೀಟರು ರೆಸಿನ್ನು ಒಂದು ತೊಳೆತಕ್ಕೂ ಮತ್ತೊಂದು ತೊಳೆತಕ್ಕೂ ನಡುವೆ ಸುಮಾರು ೫೦ ಗ್ರಾಂ ಗಡಸನ್ನು ಹಿಡಿಯುವುದೆಂದು ಲೆಕ್ಕವಿಟ್ಟುಕೊಳ್ಳಬಹುದು. ಅದನ್ನು ತೊಳೆಯಲು ಸುಮಾರು ೧೫೦ ಗ್ರಾಂ ಉಪ್ಪು ಬೇಕಾಗುವುದು. ಐದು ಮಂದಿಯ ಸಂಸಾರವು ದಿನಕ್ಕೆ ೬೦೦ ಲೀಟರು ನೀರನ್ನು ಬಳಸುವುದೆಂದೂ, ಗಡಸಿನ ಅಂಕವು ೪೦೦ ಎಂದೂ ಇಟ್ಟುಕೊಳ್ಳೋಣ. ದಿನಕ್ಕೆ ೨೪೦ ಗ್ರಾಂ ಗಡಸನ್ನು ತೆಗೆಯಬೇಕಾಯಿತು. ೨೦ ಲೀಟರು ರೆಸಿನ್ನಿನ ಯಂತ್ರವು ನಾಲ್ಕು ದಿನಕ್ಕೊಮ್ಮೆ ತೊಳೆತವನ್ನು ಕೇಳುವುದು. ಪ್ರತಿ ಸಲವೂ ೩ ಕಿಲೋಗ್ರಾಂ ಉಪ್ಪು, ಎಂದರೆ ತಿಂಗಳಿಗೆ ೨೨ ಕಿಲೋಗ್ರಾಮಿನ ಸುಮಾರು. ತೊಳೆತದ ನೀರು ಪ್ರತಿ ಸಲವೂ ೧೫೦ರಿಂದ ೨೦೦ ಲೀಟರು ಹೋಗಬಹುದು.

ಈ ೬೦೦ ಲೀಟರಿನಲ್ಲಿ ಎಷ್ಟಕ್ಕೆ ಮೆದುತನವು ಅವಶ್ಯಕ? ಕಕ್ಕಸಿಗೆ ಹೋಗುವ ನೀರಿಗೂ, ಅಂಗಳಕ್ಕೆ ಚಿಮುಕಿಸುವ ನೀರಿಗೂ, ದನಕ್ಕೆ ಇಡುವ ನೀರಿಗೂ, ಹೂವಿನ ಗಿಡದ ನೀರಿಗೂ ಬೇಕಾಗಿಲ್ಲ. ಸ್ನಾನ, ಬಟ್ಟೆ, ಗೀಸರು, ಇವುಗಳಿಗೆ ಸಾಕಾಗುವ ೩೦೦ ಲೀಟರನ್ನು ಮಾತ್ರ ಬೇರೆ ಕೊಳಾಯಿಯಿಂದ ಮೆದುಗೊಳಿಸಿದರೆ ೧೦ ಲೀಟರು ರೆಸಿನ್ನಿನ ಯಂತ್ರವೇ ಸಾಲುವುದು. ಉಪ್ಪೂ ತೊಳೆತದ ನೀರೂ ಅರ್ಧಕ್ಕೆ ಇಳಿಯುವುವು. ಮನೆಗೆಲ್ಲ ಒಂದೇ ದೊಡ್ಡ ಯಂತ್ರವನ್ನು ಕೂರಿಸಬೇಕೆಂದು ಹೇಳುವವರ ಮಾತನ್ನು ಕೇಳುವುದಕ್ಕೆ ಮುಂಚೆ ಈ ಲೆಕ್ಕವನ್ನು ಮಾಡಿಕೊಳ್ಳಬೇಕು. ಹೊಸ ಮನೆ ಕಟ್ಟುವವರು ಕೊಳಾಯಿಗಳನ್ನು ಎರಡು ದಾರಿಯಾಗಿ ಹಾಕಿಸಿಕೊಂಡರೆ ಮುಂದೆ ಗೋಡೆಯನ್ನು ಒಡೆಯುವ ಶ್ರಮವು ತಪ್ಪುವುದು.

ಆರಿಸುವಾಗ ನೋಡತಕ್ಕ ಇನ್ನೂ ಕೆಲವು ಸಂಗತಿಗಳುಂಟು. ಕೈಯಿಂದ ತಿರುಗಿಸುವ ಯಂತ್ರವು ಅಗ್ಗ, ವಿದ್ಯುತ್ತು ಬೇಡ, ಆದರೆ ತೊಳೆಯುವುದನ್ನು ಮನೆಯವರೇ ನೆನಪಿಟ್ಟು ಮಾಡಬೇಕು. ತಾನಾಗಿಯೇ ತೊಳೆದುಕೊಳ್ಳುವ ಯಂತ್ರಗಳಲ್ಲಿ ಗಡಿಯಾರವನ್ನು ನೋಡಿ ತೊಳೆಯುವವು ಕೆಲವು, ಹರಿದ ನೀರನ್ನು ಅಳೆದು ತೊಳೆಯುವವು ಕೆಲವು. ಮನೆಯವರು ಊರಿಗೆ ಹೋದರೂ ಗಡಿಯಾರದ ಯಂತ್ರವು ಉಪ್ಪನ್ನು ವ್ಯರ್ಥ ಮಾಡುವುದರಿಂದ, ನೀರನ್ನು ಅಳೆಯುವುದೇ ಮೇಲು. ಈ ಯಂತ್ರಗಳಿಗೆ ನೀರಿನ ಒತ್ತಡವೂ ಬೇಕು. ಮಾಳಿಗೆಯ ಮೇಲೆ ಹತ್ತು ಅಡಿ ಎತ್ತರದಲ್ಲಿರುವ ತೊಟ್ಟಿಯ ಒತ್ತಡವು ಅನೇಕ ಯಂತ್ರಗಳಿಗೆ ಸಾಲದು. ಆಗ ಪಂಪಿನಿಂದ ತೊಟ್ಟಿಗೆ ಏರುವ ಕೊಳವೆಯಲ್ಲಿ ಕೂರಿಸಬೇಕಾಗುವುದು, ಇಲ್ಲವೆ ಒತ್ತಡದ ಪಂಪನ್ನು ಕೊಳ್ಳಬೇಕಾಗುವುದು. ಬಾವಿಯ ನೀರು ತಿಳಿಯಾಗಿ ಬಂದು ಪಾತ್ರೆಯಲ್ಲಿ ನಿಂತ ಮೇಲೆ ಕೆಂಪಾದರೆ ಅದರಲ್ಲಿ ಕಬ್ಬಿಣವಿರುವುದು. ಕಬ್ಬಿಣವು ರೆಸಿನ್ನನ್ನು ಕೆಡಿಸುವುದರಿಂದ ಅದನ್ನು ಮೊದಲು ಸೋಸಿ ತೆಗೆಯಬೇಕು. ಯಂತ್ರವು ಕೆಟ್ಟರೆ ಹುಣಸೂರಿನಿಂದಲೋ ಮೈಸೂರಿನಿಂದಲೋ ಬಂದು ರಿಪೇರಿ ಮಾಡುವವರು ಇರುವರೇ ಎಂಬುದನ್ನೂ ಕೊಳ್ಳುವ ಮುಂಚೆಯೇ ಕೇಳಬೇಕು.

ಕೊಳವೆಗೆ ಅಯಸ್ಕಾಂತವನ್ನು ಕಟ್ಟುವುದರಿಂದ, ಇಲ್ಲವೆ ವಿದ್ಯುತ್ತಿನ ತಂತಿಯನ್ನು ಸುತ್ತುವುದರಿಂದ ನೀರು ಮೆದುವಾಗುವುದೆಂದು ಮಾರುವ ಸಲಕರಣೆಗಳೂ ಉಂಟು. ಇವು ನೀರಿನಿಂದ ಕ್ಯಾಲ್ಸಿಯಮ್ಮನ್ನು ತೆಗೆಯುವುದಿಲ್ಲ. ಕೊಳಾಯಿಯ ಬಾಯಿಗೆ ತಿರುಗಿಸುವ ಕೈಯಗಲದ ಡಬ್ಬಿಗಳಲ್ಲಿ ಹಿಡಿಯುವ ರೆಸಿನ್ನು ಎಷ್ಟೆಂಬುದನ್ನು ಮೇಲಿನ ಲೆಕ್ಕಕ್ಕೆ ಹಿಡಿದು ನೋಡಿದರೆ, ಅವುಗಳ ಶಕ್ತಿಯು ತಾನಾಗಿಯೇ ತಿಳಿಯುವುದು.

ಉಪ್ಪಿನ ಪ್ರಶ್ನೆ

ಈಗ ಮುಖ್ಯವಾದ ವಿಷಯಕ್ಕೆ ಬರುವೆವು. ೪೦೦ ಅಂಕದ ನೀರನ್ನು ಪೂರ್ತಿ ಮೆದುಗೊಳಿಸಿದರೆ ಪ್ರತಿ ಲೀಟರಿಗೂ ಸುಮಾರು ೧೮೪ ಮಿಲಿಗ್ರಾಂ ಸೋಡಿಯಮ್ ಸೇರುವುದು. ದಿನಕ್ಕೆ ಎರಡು ಲೀಟರು ಕುಡಿದರೆ ಸುಮಾರು ಒಂದು ಗ್ರಾಂ ಉಪ್ಪನ್ನು ತಿಂದಂತಾಯಿತು. ದೊಡ್ಡವರಿಗೆ ದಿನಕ್ಕೆ ೫ ಗ್ರಾಮಿಗೆ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವಾಗ, ಅದರ ಐದನೆಯ ಒಂದು ಪಾಲು ನೀರಿನಿಂದಲೇ ಹೋಗುವುದೆಂದರ್ಥ. ರಕ್ತದ ಒತ್ತಡವಿರುವ ಹಿರಿಯರೂ, ಹೃದಯದ ಅಥವಾ ಮೂತ್ರಪಿಂಡದ ರೋಗಿಗಳೂ, ಸೀಸೆಹಾಲಿನ ಶಿಶುಗಳೂ ಇರುವ ಮನೆಯಲ್ಲಿ ಇದನ್ನು ಅಲಕ್ಷ್ಯ ಮಾಡಬಾರದು. ಆದುದರಿಂದ ಕುಡಿಯುವ ಮತ್ತು ಅಡಿಗೆಯ ನೀರಿನ ಕೊಳಾಯಿಯನ್ನು ಯಂತ್ರಕ್ಕೆ ಮುಂಚೆಯೇ ಬೇರೆಮಾಡಿ ತೆಗೆದುಕೊಳ್ಳಬೇಕು. ಕುಡಿಯುವ ನೀರು ಬಾಯಿಗೆ ಹಿತವಿಲ್ಲದಿದ್ದರೆ, ಇಲ್ಲವೆ ಫ್ಲೋರೈಡ್ ಮುಂತಾದ ದೋಷಗಳಿದ್ದರೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರಬಹುದು, ಅಥವಾ ಕುಡಿಯುವಷ್ಟಕ್ಕೆ ಮಾತ್ರ ಆರ್. ಓ. ಯಂತ್ರವನ್ನಿಡಬಹುದು. ಅದು ಬಿಡುವ ತ್ಯಾಜ್ಯದ ನೀರನ್ನು ನೆಲ ಒರೆಸುವುದಕ್ಕೆ ಬಳಸಿಕೊಳ್ಳಬೇಕು.

ತೊಳೆತದ ಉಪ್ಪುನೀರಿನ ಗತಿ ಏನು? ಒಳಚರಂಡಿಯಿರುವ ಪಟ್ಟಣದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಹಳ್ಳಿಯಲ್ಲಿ ಮನೆಯ ನೀರು ಬಚ್ಚಲು ಗುಂಡಿಗೋ ಹಿತ್ತಿಲಿನ ಬಾಳೆಯ ಬುಡಕ್ಕೋ ಹೋಗುವುದು. ಮೇಲೆ ಹೇಳಿದ ದೊಡ್ಡ ಯಂತ್ರವು ವರ್ಷಕ್ಕೆ ೨೬೦ ಕಿಲೋಗ್ರಾಮಿನಷ್ಟು ಉಪ್ಪನ್ನು ನೆಲಕ್ಕೆ ಬಿಡುವುದು. ಇಪ್ಪತ್ತು ಮನೆಗಳು ಹೀಗೆ ಮಾಡಿದರೆ ವರ್ಷಕ್ಕೆ ಐದು ಟನ್ನಿಗೆ ಮೇಲಾಯಿತು. ಬಟ್ಟೆಯ ಕೊಳೆಯಂತೆ ಉಪ್ಪು ಮಣ್ಣಿನಲ್ಲಿ ಕೊಳೆತು ಮಾಯವಾಗುವ ಪದಾರ್ಥವಲ್ಲ. ಸೋಡಿಯಮ್ಮು ಜೇಡಿಯನ್ನು ಬಿಗಿಗೊಳಿಸಿ ನೀರು ಇಂಗದಂತೆ ಮಾಡುವುದು. ಕ್ಲೋರೈಡು ನೀರಿನೊಡನೆ ಕೆಳಕ್ಕಿಳಿದು ಬಾವಿಯನ್ನು ಸೇರುವುದು. ಗಡಸು ಬಾವಿಯಿಂದ ಪಾರಾಗಬೇಕೆಂದು ಹೊರಟವರು ಕೆಲವು ವರ್ಷಗಳಲ್ಲಿ ಸವಳು ಬಾವಿಗೆ ಒಡೆಯರಾಗಬಹುದು. ಗಡಸನ್ನು ಕಳೆಯಲು ಯಂತ್ರವುಂಟು. ಸವಳನ್ನು ಕಳೆಯುವುದು ಅದಕ್ಕಿಂತ ಬಹಳ ದುಬಾರಿಯಾದ ಕೆಲಸ. ಆ ಬಾವಿಯಾದರೂ ಒಬ್ಬರದಲ್ಲ. ಬಂಡೆಯ ಸೀಳಿನ ನೀರು ನೆರೆಯವರ ಬಾವಿಗೂ ಒಂದೇ.

ಹುಣಸೂರು ಪಿರಿಯಾಪಟ್ಟಣಗಳ ರೈತರಿಗೆ ಇದರಲ್ಲಿ ಇನ್ನೊಂದು ನಷ್ಟವುಂಟು. ಈ ಸೀಮೆಯ ಮುಖ್ಯ ಹಣದ ಬೆಳೆಯಾದ ವರ್ಜೀನಿಯಾ ತಂಬಾಕಿಗೆ ಕ್ಲೋರೈಡು ಶತ್ರು. ಎಲೆಯಲ್ಲಿ ಅದು ಹೆಚ್ಚಾದರೆ ಎಲೆಯು ಸರಿಯಾಗಿ ಉರಿಯದೆ ಬೆಲೆ ಕಳೆದುಕೊಳ್ಳುವುದು. ಆ ಕಾರಣದಿಂದಲೇ ತಂಬಾಕಿಗೆ ಪೊಟ್ಯಾಷಿನ ಕ್ಲೋರೈಡು ಗೊಬ್ಬರವನ್ನು ಬಿಟ್ಟು ಸಲ್ಫೇಟನ್ನು ಹಾಕುವರು. ಗೊಬ್ಬರದಲ್ಲಿ ಇಷ್ಟು ಜಾಗರೂಕರಾದವರು ಯಂತ್ರದ ಉಪ್ಪುನೀರನ್ನು ಸಸಿಮಡಿಯ ಕಡೆಗೆ ಹರಿಯಬಿಡುವುದು ತರವಲ್ಲ. ಉಪ್ಪಿಗೆ ಬದಲಾಗಿ ಪೊಟಾಸಿಯಮ್ ಕ್ಲೋರೈಡನ್ನು ಹಾಕಿದರೆ ಸೋಡಿಯಮ್ಮಿನ ದೋಷವು ತಪ್ಪುವುದು, ಕ್ಲೋರೈಡಿನ ದೋಷವು ತಪ್ಪದು. ಮೂತ್ರಪಿಂಡದ ರೋಗಿಗಳಿಗೆ ಆ ನೀರು ಕುಡಿಯಲು ಇನ್ನೂ ಕೆಟ್ಟದ್ದು. ಕಾಡಿನ ಮಗ್ಗುಲಿನ ಊರುಗಳವರು ಮತ್ತೊಂದನ್ನೂ ಯೋಚಿಸಬೇಕು. ಜಿಂಕೆ, ಕಾಟಿ, ಆನೆಗಳು ಉಪ್ಪುಮಣ್ಣನ್ನು ಹುಡುಕಿಕೊಂಡು ಬಂದು ನೆಕ್ಕುವುವೆಂಬುದು ಎಲ್ಲರೂ ಬಲ್ಲ ಮಾತು. ಹಿತ್ತಿಲಿನಲ್ಲಿ ಉಪ್ಪುನೀರಿನ ಕೊಚ್ಚೆಯನ್ನು ನಿಲ್ಲಿಸುವುದು ಅವುಗಳಿಗೆ ಕರೆಯೋಲೆ ಬರೆದಂತೆ.

ಕೊನೆಗೆ ಏನು ಮಾಡಬೇಕು

ಇಷ್ಟೆಲ್ಲ ಹೇಳಿದುದರಿಂದ ನಾವು ಯಂತ್ರಕ್ಕೆ ವಿರೋಧಿಗಳೆಂದು ವಾಚಕರು ತಿಳಿಯಬಾರದು. ಅಂಕವು ೫೦೦ ೬೦೦ರ ಹತ್ತಿರವಿದ್ದು, ಗೀಸರಿನ ಕಡ್ಡಿಯು ಮೇಲಿಂದ ಮೇಲೆ ಸುಟ್ಟು, ಸಾಬೂನಿನ ಖರ್ಚು ಮಿತಿಮೀರುತ್ತಿರುವ ಮನೆಗೆ ಸರಿಯಾದ ಅಳತೆಯ ಯಂತ್ರವು ನಿಜವಾದ ಉಪಕಾರಿಯೇ. ಬಟ್ಟೆ ಒಗೆದು ಒಗೆದು ಸೋತ ಕೈಗಳಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಆದರೆ ಅಂಥವರೂ ಕ್ರಮವನ್ನು ಬಿಡಬಾರದು. ಮೊದಲು ನೀರನ್ನು ಪರೀಕ್ಷಿಸಬೇಕು. ಬಳಿಕ ಮಳೆಯ ನೀರಿನಿಂದ ಎಷ್ಟು ತೀರುವುದೆಂದು ನೋಡಬೇಕು. ಉಳಿದುದರಲ್ಲಿ ಸ್ನಾನಕ್ಕೂ ಬಟ್ಟೆಗೂ ಬೇಕಾದಷ್ಟಕ್ಕೆ ಮಾತ್ರ ಯಂತ್ರವನ್ನು ಅಳೆಯಬೇಕು. ಪೂರ್ತಿ ಮೆದುಮಾಡದೆ ಸ್ವಲ್ಪ ಗಡಸು ನೀರನ್ನು ಬೆರೆಸಿ ಅಂಕವನ್ನು ೧೦೦ರ ಸುಮಾರಿಗೆ ನಿಲ್ಲಿಸಿಕೊಂಡರೂ ಸಾಬೂನು ಚೆನ್ನಾಗಿಯೇ ನೊರೆಯುವುದು, ಉಪ್ಪೂ ಉಳಿಯುವುದು. ತೊಳೆತದ ನೀರಿಗೆ ಬಾವಿಯಿಂದಲೂ ಹೊಲದಿಂದಲೂ ದೂರವಾದ, ಗಟ್ಟಿಯಾದ ಚರಂಡಿಯ ದಾರಿಯನ್ನು ಮೊದಲು ಗೊತ್ತುಮಾಡಬೇಕು. ಅಂತಹ ದಾರಿಯಿಲ್ಲದ ಕಡೆ ಯಂತ್ರವನ್ನು ಬಿಟ್ಟು, ಮಳೆಯ ತೊಟ್ಟಿ, ಒಗೆಯುವ ಸೋಡ, ಕುದಿಸಿದ ನೀರು, ಇವುಗಳಿಂದಲೇ ಸಂಸಾರವನ್ನು ನಡೆಸುವುದು ಲೇಸು.

ಮಾರುವವರು ಮನೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಇವು: ರೆಸಿನ್ನು ಎಷ್ಟು ಲೀಟರು? ನಮ್ಮ ಅಂಕಕ್ಕೆ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಪ್ರತಿ ತೊಳೆತಕ್ಕೆ ಉಪ್ಪೆಷ್ಟು, ನೀರೆಷ್ಟು? ಎಷ್ಟು ಒತ್ತಡ ಬೇಕು? ಉಪ್ಪುನೀರು ಎಲ್ಲಿಗೆ ಹೋಗುವುದು? ಕೂರಿಸಿದ ಮೇಲೆ ನೀರಿನ ಗಡಸನ್ನು ಪುನಃ ಪರೀಕ್ಷಿಸಿ ತೋರಿಸುವಿರಾ? ಇವಕ್ಕೆ ಅಂಕಗಳಲ್ಲಿ ಉತ್ತರ ಕೊಡಬಲ್ಲವರೊಡನೆ ವ್ಯವಹಾರ ಮಾಡಬಹುದು. ನೀರಿನ ಅಂಕವನ್ನು ಬರೆದ ಚೀಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ, ಮಳೆಗಾಲಕ್ಕೊಮ್ಮೆ ಬೇಸಗೆಗೊಮ್ಮೆ ಪುನಃ ಪರೀಕ್ಷೆ ಮಾಡಿಸಿ ತಿದ್ದಿಕೊಳ್ಳುತ್ತಿದ್ದರೆ, ಮನೆಯ ಯಜಮಾನಿಗೆ ತನ್ನ ಬಾವಿಯ ಸ್ಥಿತಿಯು ಎಂದಿಗೂ ಮರೆಯಾಗದು.